ಆಟಕ್ಕೆ ವಿನಾಯಿತಿ, ವ್ಯಾಪಾರಕ್ಕೂ ಏಕೆ?

ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ವಾರ್ಷಿಕ ವರಮಾನ 100 ಕೋಟಿ ಡಾಲರ್ ದಾಟಿ ವರ್ಷಗಳೇ ಆದವು. ಅದರ ಬಹುಪಾಲು ಮಾರ್ಚ್ ತಿಂಗಳ ಬಾಸ್ಕೆಟ್‌ಬಾಲ್ ಪಂದ್ಯಾವಳಿಯ ಟಿವಿ ಹಕ್ಕಿನದು. ಆದರೂ ಕಾನೂನಿನ ಕಣ್ಣಿಗೆ ಅದು ಶಿಕ್ಷಣಕ್ಕಾಗಿ ದುಡಿಯುವ ಲಾಭರಹಿತ ಸಂಸ್ಥೆ. ಇದರಿಂದ ಸಿಗುವ ತೆರಿಗೆ ವಿನಾಯಿತಿಗೆ ಸಮರ್ಥನೆ ಏನೆಂದು ಸಂಸತ್ತಿನ ತೆರಿಗೆ ಸಮಿತಿಯ ಅಧ್ಯಕ್ಷರಾಗಿದ್ದ ಬಿಲ್ ಥಾಮಸ್ 2006ರಲ್ಲೇ ಪತ್ರ ಬರೆದು ಕೇಳಿದ್ದರು. 2017ರಲ್ಲಿ ಒಂದು ಕಿಂಡಿಯೇನೋ ಮುಚ್ಚಿತು: ಕ್ರೀಡಾಂಗಣದಲ್ಲಿ ಒಳ್ಳೆಯ ಸೀಟಿಗಾಗಿ ಕೊಡುವ ದೇಣಿಗೆಗೆ ಇದ್ದ ತೆರಿಗೆ ರಿಯಾಯಿತಿ ರದ್ದಾಯಿತು. ಹೆಬ್ಬಾಗಿಲು ತೆರೆದೇ ಇದೆ. ತನ್ನ ಹೆಸರು, ಚಿತ್ರದಿಂದ ನಾಲ್ಕು ಕಾಸು ಗಳಿಸುವ ವಿದ್ಯಾರ್ಥಿ ಆಟಗಾರ ತೆರಿಗೆ ಕಟ್ಟಬೇಕು. ಅವನ ಬೆವರಿನಿಂದ ಬೆಳೆದ ಸಂಸ್ಥೆಗೆ ಆ ಹೊರೆಯಿಲ್ಲ. ಇದು ಅನ್ಯಾಯ. ಈಜು, ಕುಸ್ತಿಯಂಥ ಆದಾಯವಿಲ್ಲದ ಆಟಗಳಿಗೆ ಖರ್ಚಾಗುವ ಹಣಕ್ಕೆ ವಿನಾಯಿತಿ ಇರಲಿ. ಉಳಿದ ಪ್ರಸಾರ ಹಕ್ಕಿನ ಆದಾಯಕ್ಕೆ ತೆರಿಗೆ ಬೀಳಲಿ.