ಬಾರಿಸುವವನಿಗೆ ಊರ ಉಸಾಬರಿ ಯಾಕೆ?

ಗಿಟಾರ್ ಬಾರಿಸುವವನು ಬಾರಿಸಿಕೊಂಡಿರಲಿ, ಅವನಿಗೆ ಊರ ಉಸಾಬರಿ ಯಾಕೆ? ಅಮೆರಿಕದ ಟಾಮ್ ಮೊರೆಲ್ಲೊ ಎಂಬ ರಾಕ್ ಗಿಟಾರ್ ವಾದಕನನ್ನು ಜನ ಮೂವತ್ತು ವರ್ಷಗಳಿಂದ ಕೇಳುತ್ತಲೇ ಬಂದಿರುವ ಪ್ರಶ್ನೆ ಇದು. ಅಲ್ಲಿ ಇಂಗ್ಲಿಷಿನಲ್ಲಿ ಕೇಳುತ್ತಾರೆ, ಅಷ್ಟೇ ವ್ಯತ್ಯಾಸ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲಿಲ್ಲ ಎಂದು ನಾನೊಮ್ಮೆ ಸಭೆಯಲ್ಲಿ ಎದ್ದು ನಿಂತು ಹೇಳಿದಾಗ, ಟೀಚರಮ್ಮ ಪಾಠ ಮಾಡಿಕೊಂಡಿರಲಿ ಎಂದವರೂ ಅದೇ ಶಾಲೆಯ ಪಡಸಾಲೆಯಲ್ಲಿ ಕಲಿತವರೇ ಇರಬೇಕು.

ರಾಕ್ ಸಂಗೀತವೆಂದರೆ ನಿಮಗೆ ತಲೆನೋವು ಬರಬಹುದು. ನನಗೂ ಅದರಲ್ಲಿ ಮುಕ್ಕಾಲು ಪಾಲು ಗದ್ದಲವಾಗಿಯೇ ಕೇಳಿಸುತ್ತದೆ. ಆದರೂ ಈತನ ಬಗ್ಗೆ ಬರೆಯಲು ಕೂತಿದ್ದೇನೆ, ಯಾಕೆಂದರೆ ಈತ ಒಬ್ಬ ಟೀಚರ ಮಗ.

ತಾಯಿ ಮೇರಿ ಮೊರೆಲ್ಲೊ. ಬಿಳಿಯ ಹೆಂಗಸು, ಮೇಡಮ್ಮು. ಹಾಗಾಗಿ ಬಹುವಚನದಲ್ಲೇ ಕರೆಯುತ್ತೇನೆ. ಕೀನ್ಯಾ ದೇಶದಲ್ಲಿ ಪಾಠ ಹೇಳಲು ಹೋಗಿದ್ದ ಇವರು ಅಲ್ಲಿಯ ಎಂಗೇತೆ ಎಂಜೊರೊಗೆ ಎಂಬವನನ್ನು ಮದುವೆಯಾದರು. ಆತ ಮುಂದೆ ವಿಶ್ವಸಂಸ್ಥೆಯಲ್ಲಿ ಕೀನ್ಯಾದ ಪ್ರತಿನಿಧಿಯಾದವನು. 1964ರಲ್ಲಿ ನ್ಯೂಯಾರ್ಕಿನಲ್ಲಿ ಟಾಮ್ ಹುಟ್ಟಿದ. ಕೂಸು ಇನ್ನೂ ಸರಿಯಾಗಿ ಮಾತು ಕಲಿಯುವ ಮೊದಲೇ ತಂದೆ ತನ್ನ ದೇಶಕ್ಕೆ ಹೊರಟುಹೋದ. ಗಿಟಾರಿಸ್ಟನ ಬಗ್ಗೆ ಬರೆಯುವವರು ರಾಯಭಾರಿ ಅಪ್ಪನನ್ನು ಮೊದಲ ಸಾಲಿನಲ್ಲೇ ತರುತ್ತಾರೆ. ಸಾಕಿದವರು ಯಾರು ಎಂಬುದು ಆಮೇಲೆ ಎಲ್ಲೋ ಒಂದು ಕಡೆ ಬರುತ್ತದೆ, ಇಲ್ಲವೆ ಬರುವುದೇ ಇಲ್ಲ.

ಮೇರಿಯವರು ಕಪ್ಪು ಮಗುವನ್ನು ಕಂಕುಳಲ್ಲಿಟ್ಟುಕೊಂಡು ಷಿಕಾಗೊ ಸುತ್ತಿನ ಊರುಗಳಲ್ಲಿ ಕೆಲಸ ಹುಡುಕಿದರು. ನೀವು ಪಾಠ ಮಾಡಲು ಬನ್ನಿ, ಆದರೆ ಈ ಊರಲ್ಲಿ ಮನೆ ಮಾಡಬೇಡಿ ಎಂದು ಹೇಳಿದ ಊರುಗಳಿದ್ದವು ಎಂದು ಮಗ ಹೇಳಿಕೊಂಡಿದ್ದಾನೆ. ಕೊನೆಗೆ ಇಲಿನಾಯ್ ರಾಜ್ಯದ ಲಿಬರ್ಟಿವಿಲ್ ಎಂಬ ಊರಿನ ಹೈಸ್ಕೂಲಿನಲ್ಲಿ ನಿಂತರು. ಊರ ಹೆಸರಿನಲ್ಲೇ ಸ್ವಾತಂತ್ರ್ಯವಿದೆ. ಮನೆಯ ಗ್ಯಾರೇಜಿನಲ್ಲಿ ಯಾರೋ ನೇಣಿನ ಕುಣಿಕೆ ತೂಗುಹಾಕಿ ಹೋದದ್ದೂ ಅದೇ ಊರಿನಲ್ಲಿ. ಇಂಥ ಮನೆಯಲ್ಲಿ ಬೆಳೆದ ಹುಡುಗನಿಗೆ, ದೊಡ್ಡವನಾದ ಮೇಲೆ, ನಿನಗೆ ರಾಜಕೀಯ ಬೇಡ ಎನ್ನುತ್ತಾರಲ್ಲ, ರಾಜಕೀಯವೇ ಅವನ ಮನೆಬಾಗಿಲಿಗೆ ಹಗ್ಗ ಹಿಡಿದುಕೊಂಡು ಬಂದಿತ್ತು.

ಹುಡುಗ ಓದಿದ್ದೂ ಕಡಿಮೆಯಲ್ಲ. ಹಾರ್ವರ್ಡಿನಲ್ಲಿ ಸಮಾಜಶಾಸ್ತ್ರದ ವಿಷಯಗಳನ್ನು ಓದಿ 1986ರಲ್ಲಿ ಪದವಿ ಪಡೆದ, ಓದಿನ ನಡುವೆಯೇ ದಿನಕ್ಕೆ ಗಂಟೆಗಟ್ಟಲೆ ಗಿಟಾರ್ ಅಭ್ಯಾಸ. ಆಮೇಲೆ ಕ್ಯಾಲಿಫೋರ್ನಿಯದ ಸೆನೆಟರ್ ಆಲನ್ ಕ್ರಾನ್‌ಸ್ಟನ್ ಅವರ ಕಚೇರಿಯಲ್ಲಿ ಕೆಲಸ. ಒಳ್ಳೆಯ ರಾಜಕಾರಣಿ ಕೂಡ ದಿನದ ಹೆಚ್ಚು ಹೊತ್ತು ಹಣವಂತರಿಗೆ ಫೋನ್ ಮಾಡುತ್ತ ದುಡ್ಡು ಕೇಳುವುದನ್ನು ಅಲ್ಲಿ ಕಣ್ಣಾರೆ ಕಂಡ. ನಮ್ಮ ಬೀದಿಗೆ ಮೆಕ್ಸಿಕೊದವರು ಬರುತ್ತಿದ್ದಾರೆ ಎಂದು ದೂರಲು ಫೋನ್ ಮಾಡಿದ ಹೆಂಗಸಿಗೆ, ನಿಮ್ಮದು ಜನಾಂಗದ್ವೇಷ ಎಂದುಬಿಟ್ಟ. ಕಚೇರಿಯವರು ಬೈದದ್ದು ಇವನನ್ನು! ರಾಜಕೀಯದ ಒಳಮನೆಯನ್ನು ನೋಡಿ ಬಂದವನಿಗೆ ರಾಜಕೀಯ ತಿಳಿಯದು ಎನ್ನುವುದು ಹೇಗೆ?

1991ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ನಾಲ್ವರು ಸೇರಿ ‘ರೇಜ್ ಅಗೇನ್ಸ್ಟ್ ದಿ ಮಷೀನ್’ ಎಂಬ ತಂಡ ಕಟ್ಟಿದರು. ಯಂತ್ರದ ಮೇಲಿನ ಸಿಟ್ಟು ಎಂದು ಅರ್ಥ. ಯಂತ್ರವೆಂದರೆ ಆಳುವ ವ್ಯವಸ್ಥೆ. ಹಾಡಿನ ಮಾತು ಹೆಚ್ಚಾಗಿ ಹಾಡುಗಾರ ಜ್ಯಾಕ್ ಡಿ ಲಾ ರೋಚನದು. ಮೊರೆಲ್ಲೊ ಗಿಟಾರಿನ ಸ್ವಿಚ್ಚನ್ನು ಪಟಪಟನೆ ಆಡಿಸಿ, ತಂತಿಗಳ ಮೇಲೆ ಅಂಗೈ ಉಜ್ಜಿ, ಗ್ರಾಮಫೋನ್ ತಟ್ಟೆಯನ್ನು ಹಿಂದೆ ಮುಂದೆ ತಿಕ್ಕಿದಂಥ ಸದ್ದು ಹೊರಡಿಸುತ್ತಾನೆ. ಅವನ ಗಿಟಾರಿನ ಮೇಲೆ, ಮನೆಯಿಲ್ಲದವರ ಕೈಗೆ ಆಯುಧ ಕೊಡಿ ಎಂದು ಬರೆದಿದೆ. ಟೀಚರಾಗಿ ನನಗೆ ಆಯುಧದ ಮಾತು ಹಿಡಿಸುವುದಿಲ್ಲ, ಅದು ಬೇರೆ. 1992ರ ಮೊದಲ ಆಲ್ಬಮ್ಮಿನ ಹೊದಿಕೆಯ ಮೇಲಿರುವುದು, 1963ರಲ್ಲಿ ಸೈಗಾನಿನ ನಡುರಸ್ತೆಯಲ್ಲಿ ಬೆಂಕಿ ಹಚ್ಚಿಕೊಂಡು ಅಲುಗಾಡದೆ ಕುಳಿತ ಬೌದ್ಧ ಭಿಕ್ಷು ಥಿಚ್ ಕ್ವಾಂಗ್ ಡುಕ್ ಅವರ ಚಿತ್ರ. ಇದನ್ನು ಕೊಂಡು, ಕುಣಿದು, ಎಷ್ಟೋ ವರ್ಷದ ಮೇಲೆ, ಛೆ, ಈತ ಈಗೀಗ ರಾಜಕೀಯ ಮಾತಾಡುತ್ತಾನೆ ಎಂದು ಮುಖ ಸಿಂಡರಿಸುವ ಅಭಿಮಾನಿಗಳಿದ್ದಾರೆ. ಕಣ್ಣು ಎಲ್ಲಿಟ್ಟುಕೊಂಡಿದ್ದರೋ!

2012ರಲ್ಲಿ ಇನ್ನೂ ಸೊಗಸಾಯಿತು. ರಿಪಬ್ಲಿಕನ್ ಪಕ್ಷದ ಉಪಾಧ್ಯಕ್ಷ ಪದವಿಯ ಅಭ್ಯರ್ಥಿ ಪಾಲ್ ರ‍್ಯಾನ್‌ಗೆ ಈ ತಂಡವೆಂದರೆ ಬಲು ಇಷ್ಟವಂತೆ. ಸದ್ದು ಮಾತ್ರ, ಸಾಹಿತ್ಯವಲ್ಲ. ನಾವು ಇಷ್ಟು ದಿನ ಸಿಟ್ಟಾಗಿದ್ದು ಯಾವ ಯಂತ್ರದ ಮೇಲೋ ಆ ಯಂತ್ರವೇ ಈ ಮನುಷ್ಯ ಎಂದು ಮೊರೆಲ್ಲೊ ಪತ್ರಿಕೆಯಲ್ಲಿ ಬರೆದ. ತಾಳ ಬೇಕು, ಮಾತು ಬೇಡ. ಸೊಸೆಯ ಸಂಬಳ ಬೇಕು, ಅಭಿಪ್ರಾಯ ಬೇಡ ಎನ್ನುವ ಮನೆಗಳನ್ನು ನಾವೆಲ್ಲ ನೋಡಿಲ್ಲವೆ?

ಮೇರಿಯವರ ಕಡೆಗೆ ಮತ್ತೆ ಬರುತ್ತೇನೆ. 1985ರಲ್ಲಿ ವಾಷಿಂಗ್ಟನ್ನಿನ ಗಣ್ಯರ ಮಡದಿಯರು, ಹಾಡುಗಳು ಮಕ್ಕಳನ್ನು ಕೆಡಿಸುತ್ತವೆ ಎಂದು ಒಂದು ಸಂಘ ಕಟ್ಟಿ, ಕ್ಯಾಸೆಟ್ಟುಗಳ ಮೇಲೆ ಎಚ್ಚರಿಕೆಯ ಚೀಟಿ ಬರುವಂತೆ ಮಾಡಿದರು. ಅದಕ್ಕೆ ಎದುರಾಗಿ 1987ರಲ್ಲಿ ಮೇರಿಯವರು ಹಾಡುಗಾರರ ಪರ ನಿಲ್ಲುವ ಪಾಲಕರ ಸಂಘವೊಂದನ್ನು ಹುಟ್ಟುಹಾಕಿದರು. ಆಗ ಅವರಿಗೆ ಅರವತ್ತು ದಾಟಿತ್ತು, ಮಗನ ತಂಡ ಇನ್ನೂ ಹುಟ್ಟಿರಲಿಲ್ಲ! 1993ರಲ್ಲಿ ಫಿಲಡೆಲ್ಫಿಯದ ವೇದಿಕೆಯ ಮೇಲೆ ಮಗನೂ ಗೆಳೆಯರೂ ಆ ಗಣ್ಯರ ಸಂಘದ ವಿರುದ್ಧ, ಬಾಯಿಗೆ ಪಟ್ಟಿ ಅಂಟಿಸಿಕೊಂಡು, ಮೈಮೇಲೆ ಬಟ್ಟೆಯಿಲ್ಲದೆ, ಒಂದು ಸ್ವರವನ್ನೂ ನುಡಿಸದೆ ಕಾಲು ಗಂಟೆ ನಿಂತರು. ನನಗೆ ತಾಯಿಯ ದಾರಿಯೇ ಮೇಲೆನಿಸುತ್ತದೆ. ಈ ತಂಡದ ಹಾಡುಗಳಲ್ಲಿ ನನ್ನ ತರಗತಿಯಲ್ಲಿ ಆಡಲು ಬಿಡದ ಮಾತುಗಳೂ ಇವೆ. ಆದರೆ ಮಾತು ಒರಟು ಎಂದು ಅದರೊಳಗಿನ ನಿಜವನ್ನೂ ಬಿಸಾಡಲಾರೆ.

ಈತನ ವಿರೋಧಿಗಳ ಒಂದು ಮಾತಿಗೆ ಮಾತ್ರ ತೂಕವಿದೆ. ಬಂಡವಾಳವನ್ನು ಬೈಯುತ್ತ, ಸೋನಿಯಂಥ ಭಾರೀ ಕಂಪನಿಯ ಮೂಲಕವೇ ಹಾಡು ಮಾರಿ ಹಣ ಮಾಡಿದನಲ್ಲ ಎಂಬುದು. ನಿಜ, ಮಾಡಿದ. 2009ರ ಕ್ರಿಸ್‌ಮಸ್ಸಿಗೆ ಬ್ರಿಟನ್ನಿನ ಜನ, ಟೀವಿ ಸ್ಪರ್ಧೆಯ ವಿಜೇತನ ಹಾಡನ್ನು ಸೋಲಿಸಲೆಂದೇ, ಇವರ 1992ರ ಹಾಡನ್ನು 5 ಲಕ್ಷಕ್ಕೂ ಹೆಚ್ಚು ಕೊಂಡು ಮೊದಲ ಸ್ಥಾನಕ್ಕೇರಿಸಿದರು. ಸೋತ ಹಾಡೂ ಸೋನಿಯದೇ! ತನ್ನ ಪಾಲಿನ ಹಣವನ್ನು ಮೊರೆಲ್ಲೊ ಮನೆಯಿಲ್ಲದವರ ಪರ ದುಡಿಯುವ ಸಂಸ್ಥೆಗೆ ಕೊಟ್ಟ, ಕಂಪನಿ ತನ್ನ ಪಾಲನ್ನು ಎಣಿಸಿಕೊಂಡಿತು. ಈ ಗಂಟು ಬಿಡಿಸಲು ಅವನಿಂದಲೂ ಆಗಿಲ್ಲ. ಆದರೆ ಅದೇ ಕಂಪನಿಯಲ್ಲಿ ಪ್ರೇಮಗೀತೆ ಹಾಡಿ ಕೋಟಿ ಗಳಿಸಿದವರನ್ನು ಯಾರೂ ಲೆಕ್ಕ ಕೇಳುವುದಿಲ್ಲ. ಬಾಯಿ ಬಿಟ್ಟವನ ಜೇಬನ್ನು ಮಾತ್ರ ತಡಕುತ್ತಾರೆ.

2011ರ ಫೆಬ್ರವರಿಯಲ್ಲಿ ವಿಸ್ಕಾನ್ಸಿನ್ ರಾಜ್ಯದ ರಾಜ್ಯಪಾಲ ಸ್ಕಾಟ್ ವಾಕರ್ ಸರಕಾರಿ ನೌಕರರ ಸಂಘಗಳ ಕೈ ಕಟ್ಟುವ ಮಸೂದೆ ತಂದ. ಆ ನೌಕರರಲ್ಲಿ ಶಾಲಾ ಶಿಕ್ಷಕರೂ ಇದ್ದರು. ಮ್ಯಾಡಿಸನ್ ನಗರದ ಶಾಸನಭವನದ ಮುಂದೆ, ಮೂಳೆ ಕೊರೆಯುವ ಚಳಿಯಲ್ಲಿ, ಸಾವಿರಾರು ಜನ ಸೇರಿದರು. ಮೊರೆಲ್ಲೊ ಅಲ್ಲಿಗೆ ಹೋದ. ವಿದ್ಯುತ್ ಗಿಟಾರಿನ ಆರ್ಭಟವಿಲ್ಲ, ಬರಿಯ ಮರದ ಗಿಟಾರ್ ಹಿಡಿದು ಅವರೊಂದಿಗೆ ಹಾಡಿದ. ಮಸೂದೆ ನಿಲ್ಲಲಿಲ್ಲ, ಮಾರ್ಚಿನಲ್ಲಿ ಕಾನೂನಾಯಿತು. ಆ ಚಳಿಯಲ್ಲಿ ನಿಂತಿದ್ದ ಟೀಚರುಗಳಿಗೂ ಯಾರೋ ಹೇಳಿಯೇ ಇರುತ್ತಾರೆ, ಹೋಗಿ ಪಾಠ ಮಾಡಿ ಎಂದು.