ಕಳವಿಗೆ ‘ಮಿಸ್‌ಯೂಸ್’ ಎಂಬ ಮುಸುಕು!

ಕನ್ನಡದ ಯುವಕ ಯುವತಿಯರೇ,

ದಿನಕ್ಕೆ ಎಷ್ಟು ಸಲ ನಾವು ‘ಮಿಸ್‌ಯೂಸ್’ ಅನ್ನುತ್ತೇವೆ? ಫಂಡ್ ಮಿಸ್‌ಯೂಸ್, ಪವರ್ ಮಿಸ್‌ಯೂಸ್, ಫಾರ್ಮ್ ಮಿಸ್‌ಯೂಸ್! ಆ ಪದದ ಅರ್ಥವೇನು? ಒಂದು ವಸ್ತುವನ್ನು ಅದಕ್ಕಲ್ಲದ ಕೆಲಸಕ್ಕೆ ಬಳಸುವುದು. ಚಾಕುವಿನಿಂದ ಸ್ಕ್ರೂ ತಿರುಗಿಸಿದರೂ ಮಿಸ್‌ಯೂಸೇ. ಅರಿಯದೆ ಮಾಡಿದ ತಪ್ಪೂ ಅದರೊಳಗೆ ಬರುತ್ತದೆ. ಅಧಿಕಾರದ ಬಲದಿಂದ, ತಿಳಿದೂ ತಿಳಿದೂ ಮಾಡಿದರೆ ಇಂಗ್ಲಿಷಿನವರೇ ಅದನ್ನು ‘ಅಬ್ಯೂಸ್’ ಅನ್ನುತ್ತಾರೆ. ಪರರ ಸ್ವತ್ತನ್ನು ತನ್ನದಾಗಿಸಿಕೊಂಡರೆ ‘ಮಿಸ್‌ಅಪ್ರೋಪ್ರಿಯೇಷನ್’. ಪದದ ಒಡೆಯರಿಗಿರುವ ಈ ವಿವೇಕ ಎರವಲು ತಂದ ನಮಗಿಲ್ಲ! ನಮಗೆ ಮೂರೂ ಒಂದೇ.

ಇದರಿಂದ ಲಾಭ ಯಾರಿಗೆ? ಕಳ್ಳನಿಗೆ!

ಕಲಬುರಗಿ ಜಿಲ್ಲೆಯ ಆಳಂದಕ್ಕೆ ಬನ್ನಿ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಅಲ್ಲಿನ ಮತದಾರರ ಪಟ್ಟಿಯಿಂದ ಹೆಸರು ತೆಗೆಯಬೇಕೆಂದು ಆನ್‌ಲೈನ್‌ನಲ್ಲಿ 6,018 ಅರ್ಜಿಗಳು ಬಂದವು. ಪರಿಶೀಲಿಸಿದರೆ ಸರಿಯಾದವು ಬರೀ 24! ಉಳಿದ 5,994 ತಿರಸ್ಕೃತವಾದವು. ಆ ಹೆಸರುಗಳೇನೋ ಉಳಿದವು. ಆದರೆ ಅರ್ಜಿ ಹಾಕಿದ್ದಾರೆಂದು ದಾಖಲೆ ತೋರಿಸಿದವರಿಗೇ ಅದರ ಸುಳಿವಿರಲಿಲ್ಲ. 2023ರ ಫೆಬ್ರವರಿಯಲ್ಲಿ ಪೊಲೀಸರಲ್ಲಿ ಪ್ರಕರಣ ದಾಖಲಾಯಿತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು. ಯಾರು ತಪ್ಪಿತಸ್ಥರೆಂದು ನ್ಯಾಯಾಲಯ ಹೇಳಲಿ. ಆದರೆ ಇದನ್ನು ‘ಫಾರ್ಮ್ 7 ಮಿಸ್‌ಯೂಸ್’ ಎಂದು ಕರೆದು ಕೈ ತೊಳೆದುಕೊಳ್ಳಬಹುದೇ? ಪಾಪ, ಫಾರ್ಮಿಗೆ ನೋವಾಯಿತೇ? ಇನ್ನೊಬ್ಬನ ಹೆಸರಲ್ಲಿ ಸುಳ್ಳು ಹೇಳಿ ಮತ್ತೊಬ್ಬನ ಮತ ಕಿತ್ತುಕೊಳ್ಳುವ ಯತ್ನಕ್ಕೆ ಕನ್ನಡದಲ್ಲಿ ಹೆಸರಿದೆ: ವಂಚನೆ!

ಇನ್ನು ಅದೇ ಜಿಲ್ಲೆಯ ಅಫಜಲಪುರ, ಜೇವರ್ಗಿ. ಎರಡೂ ತಾಲ್ಲೂಕುಗಳಿಗೆ ಭೀಮಾ ನದಿಯೇ ಜೀವ. ಆ ನದಿಯ ಮರಳನ್ನು ಕದ್ದು ಸಾಗಿಸುವ ದಂಧೆ ಊರಿಗೆಲ್ಲ ಗೊತ್ತು. 2023ರ ಜೂನ್‌ನಲ್ಲಿ ಜೇವರ್ಗಿ ತಾಲ್ಲೂಕಿನಲ್ಲಿ ಅಕ್ರಮ ಮರಳಿನ ಟ್ರ್ಯಾಕ್ಟರ್ ತಡೆಯಲು ಹೋದ ನೆಲೋಗಿ ಠಾಣೆಯ ಹೆಡ್ ಕಾನ್‌ಸ್ಟೇಬಲ್ ಅದೇ ಟ್ರ್ಯಾಕ್ಟರ್ ಹರಿದು ಸತ್ತರು. ಇದಕ್ಕೂ ‘ನ್ಯಾಚುರಲ್ ರಿಸೋರ್ಸ್ ಮಿಸ್‌ಯೂಸ್’ ಅನ್ನೋಣವೇ? ಸತ್ತವನ ಮನೆಯವರ ಮುಂದೆ ನಿಂತು ಈ ಪದ ಆಡುವ ಧೈರ್ಯ ಯಾರಿಗಿದೆ?

ಈ ಮೂರೂ ತಾಲ್ಲೂಕುಗಳು 2002ರ ನಂಜುಂಡಪ್ಪ ಸಮಿತಿ ವರದಿಯ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿವೆ. ಹೋರಾಡಿ ಪಡೆದ 371 ಜೆ ಈ ನಾಡಿಗೆ ವಿಶೇಷ ಸ್ಥಾನ ತಂದಿತು. ಬಡವರ ಹೆಸರಲ್ಲಿ ಬರುವ ರೊಕ್ಕದ ಒಂದೊಂದು ಪೈಸೆಗೂ ಲೆಕ್ಕ ಬೇಕಾದ ಜಾಗವಿದು. ಅಲ್ಲಿನ ರೈತ ಮಿಸ್‌ಯೂಸ್ ಅನ್ನುವುದಿಲ್ಲ. “ರೊಕ್ಕ ನುಂಗ್ಯಾರ್ರೀ!” ಅನ್ನುತ್ತಾನೆ. ಆ ಮಾತಿನಲ್ಲಿ ನುಂಗಿದವನಿದ್ದಾನೆ, ನುಂಗಿದ ಬಾಯಿದೆ. ‘ಫಂಡ್ ಮಿಸ್‌ಯೂಸ್ ಆಗಿದೆ’ ಎಂಬ ನಮ್ಮ ಮಾತಿನಲ್ಲಿ ಯಾರೂ ಇಲ್ಲ. ಮಳೆ ಬಂದ ಹಾಗೆ ತಾನಾಗಿಯೇ ಆಗಿಬಿಟ್ಟಿತು!

ಕಾನೂನು ಇಷ್ಟು ಮಬ್ಬಾಗಿ ಮಾತಾಡುವುದಿಲ್ಲ. ಸರ್ಕಾರಿ ನೌಕರ ತನ್ನ ವಶಕ್ಕೆ ಕೊಟ್ಟ ಹಣ ನುಂಗಿದರೆ ಅದು ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿನಡಿ ನಂಬಿಕೆ ದ್ರೋಹ, ಜೀವಾವಧಿಯವರೆಗೂ ಶಿಕ್ಷೆಯಿದೆ. ಮತದಾರರ ಪಟ್ಟಿಯ ವಿಷಯದಲ್ಲಿ ಬೇಕೆಂದೇ ಸುಳ್ಳು ಘೋಷಣೆ ಕೊಟ್ಟರೆ 1950ರ ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 31ನೇ ಕಲಮಿನಡಿ ಒಂದು ವರ್ಷದವರೆಗೆ ಜೈಲು.

ಆದ್ದರಿಂದ ಗೆಳೆಯರೇ, ದೂರು ಬರೆಯುವಾಗ, ಮಾಹಿತಿ ಹಕ್ಕಿನ ಅರ್ಜಿ ಹಾಕುವಾಗ ಕನ್ನಡದಲ್ಲೇ ಬರೆಯಿರಿ. ತಿಳಿಯದೆ ಆದದ್ದಕ್ಕೆ ತಪ್ಪು ಬಳಕೆ ಅನ್ನಿ. ಅಧಿಕಾರದ ಸೊಕ್ಕಿನಿಂದ ಆದದ್ದಕ್ಕೆ ದುರುಪಯೋಗ ಅನ್ನಿ. ನುಂಗಿದ್ದಕ್ಕೆ ಕಬಳಿಕೆ, ಕದ್ದದ್ದಕ್ಕೆ ಕಳವು ಅನ್ನಿ. ಯಾರು ಮಾಡಿದರೆಂದು ಕೇಳಿ!

ಕಳ್ಳನನ್ನು ಕಳ್ಳ ಎಂದು ಕರೆಯಲಾಗದ ನಾಲಿಗೆ ಕನ್ನಡದ ನಾಲಿಗೆಯಲ್ಲ.