ಮೊದಲು ಮೇಜು, ಆಮೇಲೆ ಸೆನ್ಸರ್

ಕುದುರೆಮುಖದ ಗಣಿಯಿಂದ ಅದಿರಿನ ಪುಡಿ ನೀರಿನಲ್ಲಿ ಕಲಸಿಕೊಂಡು, 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟ ಇಳಿದು ಮಂಗಳೂರು ಸೇರುತ್ತಿತ್ತು. 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಭದ್ರಾ ನದಿಗೂ ಕಾಡಿಗೂ ಆದ ಹಾನಿ ನೆನೆದರೆ ನಿಂತದ್ದೇ ಒಳ್ಳೆಯದಾಯಿತು. ಆದರೆ ಸರಕು ಸಾಗಿಸಲು ಮನುಷ್ಯನ ಬೆನ್ನೇ ಬೇಕಿಲ್ಲ ಎಂಬುದನ್ನು ಈ ಬೆಟ್ಟಗಳು ಆಗಲೇ ಕಂಡಿದ್ದವು. ಅದೇ ಸಾಲಿನ ಕಳಸ, ಮೂಡಿಗೆರೆಯ ಕಾಫಿ ಮಾತ್ರ ಕಣದಿಂದ ಗೋದಾಮಿಗೆ, ಅಲ್ಲಿಂದ ಲಾರಿಗೆ, ಲಾರಿಯಿಂದ ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸಿನ ಅಟ್ಟಿಗೆ ಇಂದಿಗೂ ಬಹುಪಾಲು ಹೆಗಲ ಮೇಲೆಯೇ ಹೋಗುತ್ತದೆ. ಚೀಲದ ತೂಕ 50 ಕೆ.ಜಿ.; ಮಾರುಕಟ್ಟೆ ದರ ಹೇಳುವುದೂ ಅದೇ ಲೆಕ್ಕದಲ್ಲಿ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ 1991ರಲ್ಲಿ ಪರಿಷ್ಕರಿಸಿದ ಸೂತ್ರದ ಪ್ರಕಾರ, ಎಲ್ಲ ಅನುಕೂಲವಿದ್ದಾಗಲೂ ಒಬ್ಬರು ಎತ್ತಬಹುದಾದ ಭಾರ 23 ಕೆ.ಜಿ. ನೆಲದಿಂದ ಬಗ್ಗಿ ಎತ್ತಿದರೆ, ಎತ್ತುವಾಗ ಮೈ ತಿರುಗಿಸಿದರೆ ಅದೂ ಇಳಿಯುತ್ತದೆ.

ಅಲ್ಲಿ ಸಿಪ್ಪೆ ತೆಗೆದು ಜರಡಿಯಲ್ಲಿ ಗಾತ್ರವಾರು ಬೇರ್ಪಟ್ಟ ಬೀಜ ಗಾರ್ಬ್ಲಿಂಗಿಗೆ ಬರುತ್ತದೆ, ಅಂದರೆ ಕೈಯಲ್ಲಿ ಆರಿಸುವ ಹೆಂಗಸರ ಮುಂದೆ. ಕಪ್ಪಾದದ್ದು, ಕಂದು ತಿರುಗಿದ್ದು, ಹುಳ ಕೊರೆದದ್ದು, ಒಡೆದ ಚೂರು ಎಲ್ಲವನ್ನೂ ಕಣ್ಣು ಹುಡುಕಬೇಕು, ಬೆರಳು ಹೆಕ್ಕಬೇಕು. ನೆಲದ ಮೇಲೆ ಕೂತು ಆರಿಸುವಾಗ ಕುತ್ತಿಗೆ ಬಾಗಿಯೇ ಇರುತ್ತದೆ, ಬೆನ್ನಿಗೆ ಒರಗಿಲ್ಲ. ಬೆಳಕು ಹಿಂದಿನಿಂದ ಬಂದರೆ ಅವರ ತಲೆಯ ನೆರಳೇ ಬೀಜದ ಮೇಲೆ ಬೀಳುತ್ತದೆ. ಮಧ್ಯಾಹ್ನ ಕಳೆದ ಮೇಲೆ ಕಪ್ಪು ಬೀಜವೊಂದು ಕಣ್ತಪ್ಪಿದರೆ ಅದು ಆರಿಸಿದವಳ ಅಸಡ್ಡೆಯಲ್ಲ, ಆ ಜಾಗ ಮಾಡಿಕೊಟ್ಟವರ ತಪ್ಪು. ಪೋಲು ತಗ್ಗಿಸಿ ಕೆಲಸ ಹಗುರಗೊಳಿಸುವ ‘ಲೀನ್’ ಉತ್ಪಾದನೆಗೆ ಅಡಿಪಾಯ ಹಾಕಿದ ಟೊಯೋಟದ ತೈಇಚಿ ಓನೋ ಗುರುತಿಸಿದ ಏಳು ಬಗೆಯ ಪೋಲುಗಳಲ್ಲಿ ಬೇಡದ ಸಾಗಾಟವೂ ಬೇಡದ ಓಡಾಟವೂ ಇವೆ. ಆಳು ಕಡಿಮೆ ಮಾಡುವುದೇ ಲೀನ್ ಎಂದುಕೊಂಡವರು ಆ ಪಟ್ಟಿಯನ್ನು ಅರ್ಧ ಓದಿದ್ದಾರೆ. ಮೊಣಕೈ ಮಟ್ಟದ ಮೇಜು, ಒರಗಿರುವ ಕುರ್ಚಿ, ಎದುರಿನಿಂದ ಬೆಳಕು, ಇಳಿಜಾರಿನಲ್ಲಿ ತಾನಾಗಿ ಕೈಗೆ ಬರುವ ಬೀಜ: ಲೀನ್ ಶುರುವಾಗಬೇಕಾದದ್ದು ಇಲ್ಲಿಂದ.

ಈಗಿನ ಮಾತು ಸ್ಮಾರ್ಟ್ ಯಂತ್ರಗಳದ್ದು. ಬಣ್ಣ ನೋಡಿ ಬೀಜ ಬೇರ್ಪಡಿಸುವ ಕಲರ್ ಸಾರ್ಟರ್ ಕ್ಯೂರಿಂಗ್ ವರ್ಕ್ಸ್‌ಗಳಿಗೆ ಬಂದಿದೆ, ಬರಲಿ. ದೊಡ್ಡ ರಾಶಿ ಅದು ನೋಡಲಿ, ಅನುಮಾನದ ಬೀಜವಷ್ಟೇ ಮೇಜಿಗೆ ಬರಲಿ. ಇದರಿಂದ ಕೆಲಸ ಹೋಗುತ್ತದೆ ಎಂಬ ಆತಂಕ ಸುಳ್ಳಲ್ಲ, ಕೆಲವರದು ಹೋಗುತ್ತದೆ. ಅವರಿಗೆ ಯಂತ್ರ ನಡೆಸುವ, ತೇವಾಂಶ ಅಳೆಯುವ ಕೆಲಸ ಕಲಿಸುವುದು ಮಾಲೀಕರ ಹೊಣೆ. ಇನ್ನೂ ಗಂಭೀರವಾದದ್ದು ಕ್ಯಾಮೆರಾದ ಪ್ರಶ್ನೆ. ಬೆನ್ನು ಕಾಯಲೆಂದು ಕೆಲಸದವರ ಭಂಗಿ ಗುರುತಿಸುವ ಕ್ಯಾಮೆರಾ, ಯಾರ ಕೈ ನಿಧಾನ ಎಂದೂ ಗುರುತಿಸಬಲ್ಲದು. 2020ರ ನವೆಂಬರಿನಲ್ಲಿ ಬಿಡದಿಯ ಟೊಯೋಟ ಕಾರ್ಖಾನೆಯಲ್ಲಿ ಮುಷ್ಕರ, ಲಾಕೌಟ್ ನಡೆದಾಗ ಕೆಲಸದ ಒತ್ತಡವೂ ಕಾರ್ಮಿಕರ ದೂರುಗಳಲ್ಲಿತ್ತು. ಲೀನ್‌ನ ತವರಿನ ಕಂಪನಿಯಲ್ಲೇ ಹೀಗಾದರೆ ಉಳಿದವರು ಎಚ್ಚರವಾಗಿರಬೇಕು. ಸೆನ್ಸರ್ ಅಳೆಯಬೇಕಾದದ್ದು ಮೇಜಿನ ಎತ್ತರ, ಚೀಲದ ಭಾರ, ಬೆಳಕು, ದೂಳು. ಹೆಂಗಸಿನ ಬೆರಳಿನ ವೇಗವನ್ನಲ್ಲ.

ನೆಲದಲ್ಲಿ ಕೂತೇ ಅಭ್ಯಾಸ, ಮೇಜು ಕೊಟ್ಟರೂ ಬೇಡವೆನ್ನುತ್ತಾರೆ ಎಂಬ ಮಾತಿದೆ. ಅವರ ಅಳತೆ ತೆಗೆಯದೆ, ಕಾಲು ನೆಲಕ್ಕೆ ಎಟುಕದ ಕುರ್ಚಿ ತಂದಿಟ್ಟರೆ ಯಾರಾದರೂ ಬೇಡವೆನ್ನುತ್ತಾರೆ. ಒಂದು ಮೇಜು ಮಾಡಿಸಿ, ಅವರಿಂದಲೇ ಹೇಳಿಸಿಕೊಂಡು ತಿದ್ದಿಸಿ, ಆಮೇಲೆ ಉಳಿದವನ್ನು ಮಾಡಿಸಬಹುದು. ಸಣ್ಣ ಬೆಳೆಗಾರರಿಗೆ ಇದೆಲ್ಲ ಎಟುಕದು ಎನ್ನುವವರಿಗೂ ಉತ್ತರ ಸುಲಭ: ಊರಿನ ಬಡಗಿ ಮಾಡುವ ಕೆಲಸಕ್ಕೆ ಸಾಲ ಬೇಕಿಲ್ಲ. ಯಂತ್ರಗಳಿಗೆ ಸಹಾಯಧನ ಕೊಡುವ ಕಾಫಿ ಮಂಡಳಿ, ಕೆಲಸದ ಜಾಗ ಸರಿಪಡಿಸುವುದನ್ನೂ ಅದರ ಷರತ್ತುಗಳಲ್ಲಿ ಸೇರಿಸಲಿ. ದರ 50 ಕೆ.ಜಿ. ಲೆಕ್ಕದಲ್ಲೇ ಇರಲಿ, ಹೊರುವ ಚೀಲ, ನಿಯೋಶ್ ಮಿತಿಗಿಂತ ತುಸು ಹೆಚ್ಚೇ ಆದರೂ, 25 ಕೆ.ಜಿ.ಗಾದರೂ ಇಳಿಯಲಿ. ಚೀಲ ಅರ್ಧವಾದಾಗ ಕೂಲಿಯೂ ಅರ್ಧವಾಗದಂತೆ, ಹಮಾಲಿ ದರವನ್ನು ಚೀಲಕ್ಕಲ್ಲ, ಕ್ವಿಂಟಲಿಗೆ ಗೊತ್ತು ಮಾಡಬೇಕು. ಬರುವ ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಶುರುವಾಗುವ ಮುನ್ನ ಬೆಳೆಗಾರರ ಸಂಘಗಳೂ ಕ್ಯೂರಿಂಗ್ ಮಾಲೀಕರೂ ಇಷ್ಟನ್ನು ಕೂತು ತೀರ್ಮಾನಿಸಲಿ.